ಎಮಲ್ಷನ್ ಪಂಪಿನ ಹ್ಯಾಝಾಪ್: ಒಂದು ಪ್ರೆಶರ್ ಟ್ರಿಪ್ ಸಾಕೇ?

ಸಂಡೂರು_ಪ್ಲಾಂಟ್:
ಗಣಿಗಳಿಗೆ ಬಲ್ಕ್ ಎಮಲ್ಷನ್ (ಅಮೋನಿಯಂ ನೈಟ್ರೇಟ್ ದ್ರಾವಣವನ್ನು ಎಣ್ಣೆಯಲ್ಲಿ ಕಲಸಿದ ಸ್ಫೋಟಕದ ಸರಕು) ಕಳಿಸುವ ಘಟಕದಲ್ಲಿ ಟ್ರಾನ್ಸ್‌ಫರ್ ಪಂಪಿನ ಹ್ಯಾಝಾಪ್ (ಏನೇನು ತಪ್ಪಬಹುದೆಂದು ಸಾಲು ಸಾಲಾಗಿ ನೋಡುವ ಅಪಾಯ ಪರಿಶೀಲನೆ) ನಡೆಯುತ್ತಿದೆ. ತಿರುಗುವ ಸ್ಟೀಲ್ ರೋಟರ್, ಅದರ ಸುತ್ತ ತಿರುಗದ ರಬ್ಬರ್ ಸ್ಟೇಟರ್ ಇರುವ ಸ್ಕ್ರೂ ಪಂಪು, 5 ಕಿಲೋವ್ಯಾಟ್ ಮೋಟಾರು. ‘ಹರಿವು ಇಲ್ಲ’ ಎಂಬ ಸಾಲಿನಲ್ಲಿ ಬರೆದಿರುವುದು ಇಷ್ಟೇ: ಕಾರಣ, ಡಿಸ್ಚಾರ್ಜ್ ವಾಲ್ವ್ ಮುಚ್ಚಿರುವುದು, ರಕ್ಷಣೆ, ಹೈ ಪ್ರೆಶರ್ ಟ್ರಿಪ್ (ಒತ್ತಡ ಮಿತಿ ಮೀರಿದರೆ ಪಂಪನ್ನು ತಾನಾಗಿ ನಿಲ್ಲಿಸುವ ಏರ್ಪಾಡು) ಮತ್ತು ಆಪರೇಟರ್. ಸಂಭವ, ಪರಿಣಾಮಗಳಿಗೆ ಅಂಕ ಕೊಡುವ ಅಪಾಯದ ಮ್ಯಾಟ್ರಿಕ್ಸಿನಲ್ಲಿ ಹಸಿರು ಬಣ್ಣ, ಅಂದರೆ ‘ಪರವಾಗಿಲ್ಲ’ ಎಂದು ಬಿದ್ದಿದೆ. ಇನ್ನೊಂದು ಟ್ರಿಪ್ ಬೇಕೆಂದರೆ, ‘ಗುಳ್ಳೆ ಸೇರಿಸಿ ಸಿಡಿಯುವಂತೆ ಮಾಡದ ಎಮಲ್ಷನ್ ಡಿಟೋನೇಟರಿಗೇ ಸಿಡಿಯುವುದಿಲ್ಲ, ಪಂಪಿನಲ್ಲಿ ಏನಾದೀತು’ ಅನ್ನುತ್ತಾರೆ. ತಂಡಕ್ಕೆ ಹೇಗೆ ಮನವರಿಕೆ ಮಾಡುವುದು?

ರೋಟರ್_ಸ್ಟೇಟರ್:
ಡಿಟೋನೇಟರಿನ ಮಾತನ್ನು ಪಕ್ಕಕ್ಕಿಡಿ. ಅದು ಆಘಾತದ ಪರೀಕ್ಷೆ. ಪಂಪಿನಲ್ಲಿ ಆಗುವುದು ಬೇರೆ: ಮುಚ್ಚಿದ ಜಾಗ, ಒತ್ತಡ, ಶಾಖ. ಪ್ರತಿ ಎಮಲ್ಷನ್ನಿಗೂ ಒಂದು ಕನಿಷ್ಠ ದಹನ ಒತ್ತಡವಿದೆ. ಅದಕ್ಕಿಂತ ಕೆಳಗೆ, ಒಂದು ಕಡೆ ಹೊತ್ತಿಕೊಂಡರೂ ಉರಿ ತಾನಾಗಿ ಆರುತ್ತದೆ. ಮೇಲೆ ಹೋದರೆ ಉರಿಯುತ್ತಲೇ ಇರುತ್ತದೆ. ನೀರಿನ ಅಂಶ ಕಡಿಮೆಯಾದಷ್ಟೂ ಈ ಮಿತಿ ಕೆಳಗಿಳಿಯುತ್ತದೆ. ಪಂಪಿನೊಳಗೆ ಬಿಸಿಗೆ ನೀರು ಆವಿಯಾದರೆ ಆಗುವುದೂ ಅದೇ.

ಬೋರ್ಡಿನ ಮೇಲೆ ಈ ಲೆಕ್ಕ ಹಾಕಿ ತೋರಿಸಿ. ಪಂಪಿನೊಳಗೆ 5 ಕಿಲೋ ಸರಕು ಸಿಕ್ಕಿಕೊಂಡಿದೆ, ಅದರ ವಿಶಿಷ್ಟೋಷ್ಣ ಕಿಲೋಗೆ, ಪ್ರತಿ ಡಿಗ್ರಿಗೆ ಸುಮಾರು 2.5 ಕಿಲೋಜೂಲ್ ಎಂದಿಟ್ಟುಕೊಳ್ಳಿ. 5 ಕಿಲೋವ್ಯಾಟ್ ಪೂರ್ತಿ ಶಾಖವಾದರೆ ಸೆಕೆಂಡಿಗೆ 0.4 ಡಿಗ್ರಿ. 70 ಡಿಗ್ರಿಯ ಸರಕು 170ಕ್ಕೆ ಏರಲು 250 ಸೆಕೆಂಡು, ಅಂದರೆ ನಾಲ್ಕು ನಿಮಿಷದ ಮೇಲೆ ಸ್ವಲ್ಪ. ಇದು ಸರಾಸರಿ, ರೋಟರ್ ರಬ್ಬರಿಗೆ ಉಜ್ಜುವ ಕಡೆ ಇನ್ನೂ ಬೇಗ. ಆಪರೇಟರ್ ಪಂಪಿಗೆ ಸರಕು ಉಣಿಸುವ ಹಾಪರ್ ನೋಡಲು ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಹಾಗಾಗಿ ಆಪರೇಟರನ್ನು ಇಲ್ಲಿ ರಕ್ಷಣೆ ಎಂದು ಎಣಿಸಬಾರದು.

ಇನ್ನು ಪ್ರೆಶರ್ ಟ್ರಿಪ್. ಸ್ಟೇಟರ್ ಸವೆದಿದ್ದರೆ ಸರಕು ರೋಟರಿನ ಪಕ್ಕದಲ್ಲೇ ಹಿಂದಕ್ಕೆ ಜಾರುತ್ತದೆ. ಹರಿವು ಸೊನ್ನೆ, ಆದರೆ ಒತ್ತಡ ಟ್ರಿಪ್ ಆಗುವ ಸೆಟ್ ಪಾಯಿಂಟಿಗೆ ಏರುವುದೇ ಇಲ್ಲ, ಬಿಸಿ ಮಾತ್ರ ಏರುತ್ತಿರುತ್ತದೆ. ಹಾಪರ್ ಖಾಲಿಯಾಗಿ ಒಣಗಿ ತಿರುಗಿದಾಗಲೂ ಒತ್ತಡ ಕಾಣುವುದಿಲ್ಲ. ನಿಮ್ಮ ಒಂದೇ ಟ್ರಿಪ್ ಈ ಎರಡಕ್ಕೂ ಕುರುಡು. ‘ಹರಿವು ಇಲ್ಲ’ ಸಾಲನ್ನು ಕನಿಷ್ಠ ನಾಲ್ಕಾಗಿ ಒಡೆಯಿರಿ: ಮುಂದೆ ಮುಚ್ಚಿದೆ, ಹಿಂದೆ ಖಾಲಿ, ಸವೆತ, ಕಬ್ಬಿಣದ ಚೂರು ಸಿಕ್ಕಿ ರೋಟರ್ ಬಿಗಿಯಾಗಿದೆ.

ಲೂಪ್_ಚೆಕ್:
ಮೇಲಿನದಕ್ಕೆ ಸೇರಿಸುವೆ. ಪ್ರೆಶರ್ ಜೊತೆಗೆ ಕಡಿಮೆ ಹರಿವಿನ ಟ್ರಿಪ್, ಹೆಚ್ಚು ಉಷ್ಣತೆಯ ಟ್ರಿಪ್, ಒತ್ತಡ ಮೀರಿದರೆ ಒಡೆದು ದಾರಿ ಬಿಡುವ ಬರ್ಸ್ಟಿಂಗ್ ಡಿಸ್ಕ್ ಬೇಕು. ಉಷ್ಣತೆಯ ಸೆನ್ಸರ್ ಡಿಸ್ಚಾರ್ಜ್ ಪೈಪಿನಲ್ಲಿದ್ದರೆ ಪ್ರಯೋಜನವಿಲ್ಲ: ಹರಿವು ನಿಂತಾಗ ಪಂಪಿನ ಬಿಸಿ ಅಲ್ಲಿಗೆ ಬರುವುದೇ ಇಲ್ಲ. ಸ್ಟೇಟರಿನೊಳಗೇ ಕೂರಿಸಬೇಕು.

ಸ್ಟಾರ್ಟ್ ಒತ್ತಿದ ಮೊದಲ ಕೆಲವು ಸೆಕೆಂಡು ಕಡಿಮೆ ಹರಿವಿನ ಟ್ರಿಪ್ ಬೈಪಾಸ್ ಆಗಿರುತ್ತದೆ. ಪಂಪು ನಿಂತಾಗಲೆಲ್ಲ ಮತ್ತೆ ಮತ್ತೆ ಒತ್ತಿದರೆ ಆ ಸೆಕೆಂಡುಗಳ ಬಿಸಿಯೆಲ್ಲ ಕೂಡುತ್ತಾ ಹೋಗುತ್ತದೆ. ಎಷ್ಟು ಸಲ ಒತ್ತಬಹುದೆಂದು, ಪಂಪನ್ನು ನಿಯಂತ್ರಿಸುವ ಕಂಪ್ಯೂಟರಾದ ಪಿಎಲ್‌ಸಿಯಲ್ಲೇ ಮಿತಿ ಹಾಕಿ, ಅದಾದ ಮೇಲೆ ಲಾಕ್ ಆಗಲಿ.

ಮೂರೂ ಟ್ರಿಪ್ ಒಂದೇ ಔಟ್‌ಪುಟ್ ಕಾರ್ಡಿನಿಂದ ಒಂದೇ ಕಾಂಟ್ಯಾಕ್ಟರಿಗೆ (ಮೋಟಾರಿನ ಕರೆಂಟ್ ಕಡಿಯುವ ಸ್ವಿಚ್ಚಿಗೆ) ಹೋಗುತ್ತಿವೆಯೇ, ಡ್ರಾಯಿಂಗ್ ತೆಗೆದು ನೋಡಿ. ಕಾಂಟ್ಯಾಕ್ಟರ್ ಪಾಯಿಂಟ್ ಬೆಸೆದುಕೊಂಡರೆ ಮೂರೂ ಒಟ್ಟಿಗೆ ಸತ್ತಂತೆ. ಅಂಥದ್ದನ್ನು ಲೋಪಾದಲ್ಲಿ (ರಕ್ಷಣೆಯ ಪದರಗಳನ್ನು ಎಣಿಸುವ ವಿಶ್ಲೇಷಣೆಯಲ್ಲಿ) ಮೂರು ಪದರ ಎಂದು ಬರೆಯುವುದು ತಪ್ಪು, ಅದು ಒಂದೇ. ಒಂದನ್ನಾದರೂ ಕಂಪ್ಯೂಟರ್ ಬಿಟ್ಟು ನೇರ ತಂತಿಯಲ್ಲಿ ಹಾರ್ಡ್‌ವೈರ್ ಮಾಡಿ ಬೇರೆ ಕಾಂಟ್ಯಾಕ್ಟರಿಗೆ ಕೊಡಿ.

ಹಾಟ್‌ವರ್ಕ್_ಪರ್ಮಿಟ್:
ಪಂಪು ಓಡುವಾಗಿನದ್ದನ್ನಷ್ಟೇ ನೋಡಬೇಡಿ. 1994ರ ಡಿಸೆಂಬರ್ 13ರಂದು ಅಮೆರಿಕದ ಅಯೋವಾದ ಪೋರ್ಟ್ ನೀಲ್‌ನಲ್ಲಿ ಅಮೋನಿಯಂ ನೈಟ್ರೇಟ್ ನ್ಯೂಟ್ರಲೈಸರ್ (ಆಮ್ಲಕ್ಕೆ ಅಮೋನಿಯ ಸೇರಿಸುವ ಪಾತ್ರೆ) ಸಿಡಿದು ನಾಲ್ವರು ಸತ್ತರು. ಆಗ ಘಟಕ ನಿಂತಿತ್ತು. ಒಳಗೆ ದ್ರಾವಣ ಬಿಟ್ಟಿದ್ದರು, ಅದು ಆಮ್ಲೀಯವಾಗಿತ್ತು, ಕ್ಲೋರೈಡ್ ಸೇರಿತ್ತು, ಹಬೆ ಬಿಟ್ಟು ಬಿಸಿ ಮಾಡಿದ್ದರು, ಹರಿವು ಇರಲಿಲ್ಲ. ನಿಂತ ಘಟಕವೆಂದು ಯಾರೂ ಉಷ್ಣತೆಯ ಮೇಲೆ ಕಣ್ಣಿಟ್ಟಿರಲಿಲ್ಲ. ಅದಕ್ಕೇ ಸ್ಟಾರ್ಟ್, ನಿಲುಗಡೆ, ತೊಳೆಯುವಿಕೆ, ರಿಪೇರಿ ಒಂದೊಂದಕ್ಕೂ ಬೇರೆ ಹಾಳೆ ಬೇಕು.

ರಿಪೇರಿ ಹಾಳೆಯಲ್ಲಿ ಮರೆಯಬಾರದ್ದು ಟೊಳ್ಳು ರೋಟರ್. ಕೂದಲೆಳೆಯಂಥ ಬಿರುಕಿನಿಂದ ಎಮಲ್ಷನ್ ಒಳಗೆ ಸೇರಿ ಕೂತಿರುತ್ತದೆ, ಹೊರಗೆ ಎಷ್ಟು ತೊಳೆದರೂ ಹೋಗುವುದಿಲ್ಲ. ಅದರ ಮೇಲೆ ವೆಲ್ಡಿಂಗ್ ಟಾರ್ಚ್ ಹಿಡಿದರೆ ಬಾಂಬಿಗೇ ಬೆಂಕಿ ಇಟ್ಟಂತೆ. ಗಟ್ಟಿ ರೋಟರನ್ನೇ ತರಿಸಿ. ಹಿತ್ತಾಳೆ, ತಾಮ್ರ, ಸತುವಿನ ಲೇಪನ ಇರುವ ಫಿಟ್ಟಿಂಗ್ ಆ ಲೈನಿನಲ್ಲಿ ಬೇಡವೇ ಬೇಡ.

ಮತ್ತೊಂದು ಮಾತು. ಮ್ಯಾಟ್ರಿಕ್ಸಿನಲ್ಲಿ ಟ್ರಿಪ್ ಹಾಕಿದ್ದೇವೆಂದು ಪರಿಣಾಮದ ಅಂಕ ಇಳಿಸಬೇಡಿ. ಟ್ರಿಪ್ ಇಳಿಸುವುದು ಸಂಭವವನ್ನು ಮಾತ್ರ. ಪರಿಣಾಮ ಇಳಿಯಬೇಕಾದರೆ ಪಂಪ್ ಕೋಣೆಯ ಜನ, ಅಲ್ಲಿರುವ ಸರಕು, ಪಕ್ಕದ ಟ್ಯಾಂಕಿನ ದೂರ ಬದಲಾಗಬೇಕು.

ಸಂಡೂರು_ಪ್ಲಾಂಟ್:
ನಾಲ್ಕು ನಿಮಿಷದ ಲೆಕ್ಕ ಸಾಕು ಸರ್, ನಾಳೆಯೇ ಇಡುತ್ತೇನೆ. ಟ್ರಿಪ್ ಟೆಸ್ಟ್ ಹೇಗೆ ಮಾಡಿಸಲಿ?

ಲೂಪ್_ಚೆಕ್:
ಎಮಲ್ಷನ್ ಹಾಕಿ ಅಲ್ಲ. ಲೈನು ತೊಳೆದು ನೀರು ತುಂಬಿ, ವಾಲ್ವ್ ಮುಚ್ಚಿ ದೂರದಿಂದ ಸ್ಟಾರ್ಟ್ ಮಾಡಿ. ‘ಓಕೆ’ ಎಂದು ಟಿಕ್ ಹಾಕಿಸಬೇಡಿ. ಎಷ್ಟು ಬಾರ್‌ಗೆ, ಎಷ್ಟನೇ ಸೆಕೆಂಡಿಗೆ ಮೋಟಾರು ನಿಂತಿತೆಂದು ಅಂಕಿಯಲ್ಲೇ ಬರೆಸಿ. ಡಿಸ್ಕನ್ನು ಬಿಚ್ಚಿ ಅದರ ಎರಡೂ ಬದಿ ನೋಡಿ. ಅಲ್ಲಿ ಬಿಳಿ ಹರಳು ಕಟ್ಟಿ ಗಟ್ಟಿಯಾಗಿದ್ದರೆ ಅದು ಒಡೆಯಬೇಕಾದ ಹೊತ್ತಿಗೆ ಒಡೆಯುವುದಿಲ್ಲ. ಟ್ರಿಪ್ಪನ್ನು ತಪ್ಪಿಸಿ ಓಡಿಸುವ ಬೈಪಾಸ್ ಕೀ ಶಿಫ್ಟ್ ಇನ್‌ಚಾರ್ಜ್ ಬಳಿಯೇ ಇರಲಿ, ಪ್ಯಾನೆಲ್ಲಿನಲ್ಲಿ ನೇತಾಡುತ್ತಿರಬಾರದು.