ಸೊಂಟಕ್ಕೊಂದು, ಕಾಲಿಗೊಂದು: ಎರಡನೇ ಪಿಸ್ತೂಲು ಇಟ್ಟುಕೊಳ್ಳಬಹುದಾ?

ಕೇಳಿದವರು: ಎಲ್ ಪಾಸೋ, ಟೆಕ್ಸಸ್

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಒಂದು ಸಣ್ಣ ಅಂಗಡಿ ನಡೆಸುತ್ತೇನೆ. ಗ್ರೀನ್ ಕಾರ್ಡ್ ಬಂದ ಮೇಲೆ ಟೆಕ್ಸಸ್‌ನ 'ಲೈಸೆನ್ಸ್ ಟು ಕ್ಯಾರಿ', ಅಂದರೆ ಪಿಸ್ತೂಲು ಮೈಮೇಲೆ ಇಟ್ಟುಕೊಂಡು ಓಡಾಡುವ ಪರವಾನಗಿ, ಮಾಡಿಸಿಕೊಂಡೆ. ರಾತ್ರಿ ಗಲ್ಲಾ ಎಣಿಸಿ ಬಾಗಿಲು ಹಾಕುವಷ್ಟರಲ್ಲಿ ಹನ್ನೊಂದೂವರೆ ಆಗುತ್ತದೆ. ಅಂಗಿಯ ಒಳಗೆ ಸೊಂಟಕ್ಕೆ ಒಂದು 9 ಎಂಎಂ ಪಿಸ್ತೂಲು ಇರುತ್ತದೆ. ಹೋದ ತಿಂಗಳು ಎದುರಿನ ಅಂಗಡಿಯಲ್ಲಿ ದರೋಡೆ ಆಯಿತು. ಆವತ್ತಿನಿಂದ ಕಾಲಿಗೆ ಇನ್ನೊಂದು ಸಣ್ಣದು ಕಟ್ಟಿಕೊಳ್ಳೋಣ ಅಂತ ಯೋಚನೆ. ಒಂದೇ ಲೈಸೆನ್ಸಿನಲ್ಲಿ ಎರಡು ಇಟ್ಟುಕೊಳ್ಳಬಹುದಾ? ವಾರಕ್ಕೊಮ್ಮೆ ಸರಕು ತರೋಕೆ ನ್ಯೂ ಮೆಕ್ಸಿಕೋದ ಲಾಸ್ ಕ್ರೂಸಸ್‌ಗೂ ಹೋಗುತ್ತೇನೆ. ಹೆಂಡತಿ ಎಚ್-1ಬಿ ವೀಸಾದಲ್ಲಿದ್ದಾಳೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಸ್ಯಾನ್ ಆಂಟೋನಿಯೋದಿಂದ

ಟೆಕ್ಸಸ್ ಒಳಗೆ ಇರುವಷ್ಟು ಹೊತ್ತು ನಿಮ್ಮ ಪ್ರಶ್ನೆಗೆ ಉತ್ತರ ಸುಲಭ. ಇಟ್ಟುಕೊಳ್ಳಬಹುದು. ಇಲ್ಲಿ ಲೈಸೆನ್ಸ್ ಕೊಡುವುದು ಮನುಷ್ಯನಿಗೆ, ಗನ್ನಿಗಲ್ಲ. ಕಾರ್ಡನ್ನು ತಿರುಗಿಸಿ ನೋಡಿ, ಯಾವ ಗನ್ನಿನ ನಂಬರೂ ಅದರಲ್ಲಿಲ್ಲ. ಒಂದೇ ಇರಬೇಕು ಅಂತ ಇಲ್ಲಿನ ಕಾನೂನು ಎಲ್ಲೂ ಹೇಳುವುದಿಲ್ಲ. ಮೊದಲು ಒಂದು ತಕರಾರು ಇತ್ತು. ಪರೀಕ್ಷೆಯಲ್ಲಿ ರಿವಾಲ್ವರ್‌ನಿಂದ ಹೊಡೆದವರು ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಇಟ್ಟುಕೊಳ್ಳುವ ಹಾಗಿರಲಿಲ್ಲ. 2013ರಲ್ಲಿ ಅದನ್ನೂ ತೆಗೆದರು.

2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ, ಕಾನೂನಿನ ಅಡ್ಡಿ ಇಲ್ಲದ ಯಾರಿಗೂ ಇಲ್ಲಿ ಲೈಸೆನ್ಸೇ ಬೇಡ. ಅದಕ್ಕೇ ತುಂಬ ಜನ ನವೀಕರಣ ಮಾಡಿಸುತ್ತಿಲ್ಲ. ನೀವು ಹಾಗೆ ಮಾಡಬೇಡಿ. ಶಾಲೆಯ ಸುತ್ತ ಸಾವಿರ ಅಡಿಯೊಳಗೆ ಗನ್ ಇರಬಾರದು ಅಂತ ಒಂದು ಕೇಂದ್ರ ಕಾನೂನು ಇದೆ. ಶಾಲೆ ಇರುವ ರಾಜ್ಯದ್ದೇ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ. ಅಂಗಡಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಎಷ್ಟು ಶಾಲೆ ಬರುತ್ತವೆ, ಲೆಕ್ಕ ಹಾಕಿ ನೋಡಿ.

ಈಗ ನನ್ನದೊಂದು ತಪ್ಪು ಹೇಳುತ್ತೇನೆ. 2019ರಲ್ಲಿ ಒಂದು ರಾತ್ರಿ ಹೈವೇಯಲ್ಲಿ ಪೊಲೀಸರು ಕಾರು ನಿಲ್ಲಿಸಿದರು. ಹಿಂದಿನ ದೀಪ ಕೆಟ್ಟಿತ್ತು, ಅಷ್ಟೇ. ಒಳಗಿನ ಲೈಟ್ ಹಾಕಿದೆ, ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟೆ. ಡ್ರೈವಿಂಗ್ ಲೈಸೆನ್ಸ್ ಕೇಳಿದಾಗ ಗನ್ನಿನ ಲೈಸೆನ್ಸನ್ನೂ ಕೊಟ್ಟೆ. ಗನ್ ಮೈಮೇಲೆ ಇದ್ದರೆ ಅದನ್ನೂ ತೋರಿಸಬೇಕು ಅಂತ ಇಲ್ಲಿ ಕಾನೂನೇ ಇದೆ. "ಎಲ್ಲಿದೆ?" ಅಂದರು. "ಬಲಗಡೆ ಸೊಂಟದಲ್ಲಿ" ಅಂದೆ. ಕಾಲಿನದು ನೆನಪೇ ಆಗಲಿಲ್ಲ. ದಿನಾ ಕಟ್ಟಿಕೊಂಡು ಕಟ್ಟಿಕೊಂಡು ಅದು ಮೈಯ ಭಾಗವೇ ಆಗಿಬಿಟ್ಟಿತ್ತು. ಕೆಳಗಿಳಿಯಲು ಹೇಳಿದರು. ಕಾಲು ಹೊರಗಿಟ್ಟಾಗ ಪ್ಯಾಂಟು ಮೇಲೆ ಸರಿಯಿತು, ಟಾರ್ಚಿನ ಬೆಳಕಿನಲ್ಲಿ ಗನ್ ಇಡುವ ಚೀಲ, ಹೋಲ್ಸ್ಟರ್, ಕಂಡಿತು. ಅವರ ಕೈ ತಕ್ಷಣ ತಮ್ಮ ಗನ್ನಿನ ಮೇಲೆ ಹೋಯಿತು. ನಾನು ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ಕೊನೆಗೆ ದೀಪ ಸರಿ ಮಾಡಿಸಿ ಅಂತ ಹೇಳಿ ಬಿಟ್ಟರು. ಅವರು ಹೆದರಿದ್ದರಲ್ಲಿ ಒಂದಿಷ್ಟೂ ತಪ್ಪಿಲ್ಲ. ಎರಡು ಇದ್ದರೆ ಮೊದಲ ಮಾತಿನಲ್ಲೇ ಎರಡೂ ಹೇಳಿ, ಯಾವುದು ಎಲ್ಲಿ ಅಂತಲೂ ಹೇಳಿ. ಕೈ ಮಾತ್ರ ಆ ಕಡೆ ತೋರಿಸಬೇಡಿ.

ಲಾಸ್ ಕ್ರೂಸಸ್‌ನಿಂದ

ಮೇಲಿನವರು ಹೇಳಿದ್ದು ಟೆಕ್ಸಸ್ ಮಟ್ಟಿಗೆ ಸರಿ. ಆದರೆ ನೀವು ವಾರ ವಾರ ಬರುವುದು ನಮ್ಮ ರಾಜ್ಯಕ್ಕೆ. ಇಲ್ಲಿನ ನಿಯಮ ಸ್ಪಷ್ಟ: ಲೈಸೆನ್ಸ್ ಇದ್ದವರು ಒಂದು ಹೊತ್ತಿಗೆ ಮರೆಯಲ್ಲಿ ಒಂದೇ ಪಿಸ್ತೂಲು ಇಟ್ಟುಕೊಳ್ಳಬೇಕು, ಎರಡನೆಯದು ಇರಬಾರದು. ನ್ಯೂ ಮೆಕ್ಸಿಕೋ ನಿಮ್ಮ ಟೆಕ್ಸಸ್ ಲೈಸೆನ್ಸನ್ನು ಒಪ್ಪುತ್ತದೆ, ನಿಜ. ಆದರೆ ಇಲ್ಲಿಗೆ ಬಂದ ಮೇಲೆ ಇಲ್ಲಿನ ಲೆಕ್ಕ. ಲೈಸೆನ್ಸ್ ಇಲ್ಲದೆ ಟೆಕ್ಸಸ್‌ನಲ್ಲಿ ಇಟ್ಟುಕೊಂಡು ಓಡಾಡುವವರಿಗೆ ಇಲ್ಲಿ ಗುಂಡು ತುಂಬಿದ್ದನ್ನು ಮರೆಯಲ್ಲಿ ಇಟ್ಟುಕೊಂಡು ನಡೆದಾಡುವ ಹಕ್ಕೇ ಇಲ್ಲ, ಅದೂ ನೆನಪಿರಲಿ.

ಐ-10 ಹೈವೇಯಲ್ಲಿ ಬರುವಾಗ ಆಂಥೋನಿ ಊರು ಗೊತ್ತಲ್ವಾ? ಅರ್ಧ ಊರು ಟೆಕ್ಸಸ್, ಅರ್ಧ ಊರು ನ್ಯೂ ಮೆಕ್ಸಿಕೋ. ಆ ಗೆರೆ ದಾಟುವ ಮುಂಚೆಯೇ ಕಾಲಿನದನ್ನು ಬಿಚ್ಚಬೇಕು. ನೀವು ಹೀಗೆ ಮಾಡಿ. ಎಲ್ ಪಾಸೋದಿಂದ ಹೊರಡುವಾಗ ಮನೆಯಲ್ಲೇ ಗುಂಡು ತೆಗೆದು, ಗುಂಡು ಕೂರುವ ಚೇಂಬರ್ ಒಳಗೆ ಬೆರಳು ಹಾಕಿ ಖಾಲಿ ಅಂತ ನೋಡಿ, ಬೀಗದ ಪೆಟ್ಟಿಗೆಯಲ್ಲಿಟ್ಟು ಡಿಕ್ಕಿಗೆ ಹಾಕಿ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಕಾಲು ಮೇಲೆತ್ತಿ ಗನ್ ಬಿಚ್ಚುವ ಕೆಲಸ ಮಾತ್ರ ಬೇಡ. ನೋಡಿದವರು ಪೊಲೀಸರಿಗೆ ಫೋನ್ ಮಾಡುತ್ತಾರೆ.

ಹಾಗೇ ವೈಟ್ ಸ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ ನೋಡೋಕೆ ಮನೆಯವರನ್ನು ಕರೆದುಕೊಂಡು ಹೋದರೆ, ಅಲ್ಲಿನ ವಿಸಿಟರ್ ಸೆಂಟರ್ ಕಟ್ಟಡದೊಳಗೆ ಒಂದೂ ಇರಬಾರದು. ಮರಳಿನ ಮೇಲೆ ರಾಜ್ಯದ ನಿಯಮ, ಕಟ್ಟಡದೊಳಗೆ ಕೇಂದ್ರದ ನಿಯಮ.

ಸ್ಯಾನ್ ಹೋಸೆಯಿಂದ

ಕ್ಯಾಲಿಫೋರ್ನಿಯಾಕ್ಕೆ ಬರುವ ಯೋಚನೆ ಇದ್ದರೆ ಎರಡನ್ನೂ ಮನೆಯಲ್ಲಿ ಬಿಟ್ಟು ಬನ್ನಿ. ಬೇರೆ ರಾಜ್ಯದ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ. ನಮ್ಮ ಲೈಸೆನ್ಸಿನಲ್ಲಿ ಯಾವ ಗನ್, ಯಾವ ಮಾಡೆಲ್, ಸೀರಿಯಲ್ ನಂಬರ್ ಏನು ಅಂತ ಎಲ್ಲವೂ ಬರೆದಿರುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಮೈಮೇಲೆ ಇರುವ ಹಾಗಿಲ್ಲ.

ಡಲ್ಲಾಸ್‌ನಿಂದ

ಎಲ್ಲರೂ ಕಾಲು, ಸೊಂಟ ಅಂತ ಮಾತಾಡುತ್ತಿದ್ದೀರಿ. ನನಗೆ ಭಯ ಆಗಿದ್ದು ಕೊನೆಯ ಸಾಲು ಓದಿ. ನಿಮ್ಮ ಹೆಂಡತಿ ಎಚ್-1ಬಿಯಲ್ಲಿದ್ದಾರೆ. ಎಚ್-1ಬಿ, ಎಚ್-4, ಎಫ್-1 ಇಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಗನ್ನಾಗಲಿ ಗುಂಡಾಗಲಿ ಹೊಂದುವುದು ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಇನ್ನೂ ಒಂದೆರಡು ಉಂಟು. 2022ರ ತಿದ್ದುಪಡಿ ಆದಮೇಲೆ ಶಿಕ್ಷೆ 15 ವರ್ಷದವರೆಗೆ ಹೋಗಬಹುದು. ಟೆಕ್ಸಸ್ ಏನೇ ಸಡಿಲ ಮಾಡಿದರೂ ಇದು ಬದಲಾಗುವುದಿಲ್ಲ. ಶಿಕ್ಷೆ ಆದರೆ ಗಡೀಪಾರೂ ಆಗಬಹುದು.

'ಹೊಂದುವುದು' ಅಂದರೆ ಕೈಯಲ್ಲಿ ಹಿಡಿಯುವುದು ಮಾತ್ರ ಅಲ್ಲ. ಬೇಕಾದಾಗ ತೆಗೆದುಕೊಳ್ಳುವಷ್ಟು ಹಿಡಿತ ಇದ್ದರೂ ಪ್ರಶ್ನೆ ಬರುತ್ತದೆ. ಮನೆಯಲ್ಲಿ ಒಂದು ಗನ್ ಇದ್ದಾಗ ಅದು ನಿಮ್ಮ ಸೊಂಟದಲ್ಲೇ ಇರುತ್ತಿತ್ತು. ಎರಡಾದ ಮೇಲೆ ಒಂದು ಯಾವಾಗಲೂ ಎಲ್ಲೋ ಉಳಿಯುತ್ತದೆ: ಮಂಚದ ಪಕ್ಕದ ಡ್ರಾಯರ್, ಕಾರಿನ ಡ್ಯಾಶ್‌ಬೋರ್ಡ್. ನಿಮ್ಮ ಹೆಂಡತಿ ಅದೇ ಕಾರು ಓಡಿಸಿಕೊಂಡು ಆಫೀಸಿಗೆ ಹೋದರೆ? ನಾನು ಗ್ರೀನ್ ಕಾರ್ಡಿಗೆ ಹತ್ತು ವರ್ಷ ಕಾದವನು. ಇದನ್ನು ಸುಮ್ನೆ ಹೇಳುತ್ತಿಲ್ಲ. ಮೊದಲು ಒಂದು ಸೇಫ್ ತನ್ನಿ. ಅದರ ನಂಬರ್ ನಿಮಗೊಬ್ಬರಿಗೇ ಗೊತ್ತಿರಲಿ. ಅವರನ್ನು ಕೂರಿಸಿ ಏಕೆ ಅಂತ ಹೇಳಿ. ಅಪನಂಬಿಕೆ ಅಂದುಕೊಂಡು ನೊಂದುಕೊಳ್ಳಬಾರದು ಅಲ್ವಾ. ನಿಮ್ಮಿಬ್ಬರ ವಿಷಯವನ್ನು ಒಮ್ಮೆ ವಲಸೆ ವಕೀಲರ ಹತ್ತಿರವೂ ಮಾತಾಡಿ.

ಹ್ಯೂಸ್ಟನ್‌ನಿಂದ

ಎರಡು ವರ್ಷ ಕಾಲಿಗೆ ಕಟ್ಟಿದ್ದೆ. ಆಮೇಲೆ ಬಿಟ್ಟೆ. ಒಂದು ಭಾನುವಾರ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಆ ಸಣ್ಣ .380 ಪಿಸ್ತೂಲು ತೆಗೆದರೆ ಮೊದಲನೇ ಗುಂಡಿಗೇ ಸಿಕ್ಕಿಕೊಂಡಿತು. ಬಿಚ್ಚಿ ನೋಡಿದರೆ ಸ್ಲೈಡಿನ ಒಳಗೆಲ್ಲ ಕಾಲುಚೀಲದ ನೂಲು, ಕಂದು ಧೂಳು, ಎಣ್ಣೆ ಸೇರಿ ಅಂಟಾಗಿತ್ತು. ಕಾಪಾಡುತ್ತದೆ ಅಂತ ಎರಡು ವರ್ಷ ಹೊತ್ತು ತಿರುಗಿದ್ದು ಆ ಸ್ಥಿತಿಯಲ್ಲಿತ್ತು. ಕಾಲಿಗೆ ಕಟ್ಟಿದರೆ ವಾರಕ್ಕೊಮ್ಮೆ ಬಿಚ್ಚಿ ಒರೆಸಲೇಬೇಕು.

ನಿಂತುಕೊಂಡು ಕಾಲಿನಿಂದ ತೆಗೆಯುವುದು ಇನ್ನೊಂದು ಕಷ್ಟ. ಬಗ್ಗಬೇಕು, ಪ್ಯಾಂಟು ಎತ್ತಬೇಕು, ಅಷ್ಟು ಹೊತ್ತು ಎದುರಿನವನ ಮೇಲೆ ಕಣ್ಣಿರುವುದಿಲ್ಲ. ಕೂತು ಕಾರು ಓಡಿಸುವಾಗ ಅನುಕೂಲ, ನಿಜ. ಬಲಗೈಗೆ ಏಟು ಬಿದ್ದರೆ ಎಡಗೈಗೆ ಒಂದು ಸಿಗುತ್ತದೆ ಅನ್ನುವುದೂ ನಿಜ. ಆದರೆ ಲೈಸೆನ್ಸ್ ಪರೀಕ್ಷೆಯಲ್ಲಿ ನಾವು ಹೊಡೆದದ್ದು 50 ಗುಂಡು, 3, 7, 15 ಗಜದಿಂದ, ನಿಂತುಕೊಂಡು. ಎಡಗೈಯಲ್ಲಿ ಕಾಲಿನಿಂದ ತೆಗೆದು ಹೊಡೆಯುವುದನ್ನು ಯಾರೂ ಕಲಿಸಲಿಲ್ಲ. ಅದನ್ನು ಬೇರೆಯಾಗಿ ಕಲಿಯುವಷ್ಟು ಸಮಯ ಇದ್ದರೆ ಕಟ್ಟಿ. ಇಲ್ಲದಿದ್ದರೆ ಆ ದುಡ್ಡಿನಲ್ಲಿ ಗಲ್ಲಾಕ್ಕೆ ಒಂದು ಡ್ರಾಪ್ ಸೇಫ್ (ಸಂದಿಯಿಂದ ದುಡ್ಡು ಒಳಗೆ ಹಾಕುವ ಬೀಗದ ಪೆಟ್ಟಿಗೆ) ಹಾಕಿಸಿ, ಬಾಗಿಲು ಹಾಕುವ ಹೊತ್ತಿಗೆ ಇನ್ನೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ನಾನು ಮಾಡಿದ್ದು ಅದನ್ನೇ.

ಊರಿಗೆ ಹೋಗುವಾಗಲೂ ಜಾಗ್ರತೆ. ರೇಂಜಿಗೆ ಒಯ್ಯುತ್ತಿದ್ದ ಬ್ಯಾಗನ್ನೇ ಬೆಂಗಳೂರಿಗೆ ತುಂಬುತ್ತಿದ್ದೆ. ಹೆಂಡತಿ ಮಂಚದ ಮೇಲೆ ಬೋರಲು ಹಾಕಿ ಕೊಡವಿದಳು. ಹಳೇ ರಸೀದಿ, ಕಿವಿಗೆ ಹಾಕುವ ಹತ್ತಿ, ಜೊತೆಗೆ ಒಂದು 9 ಎಂಎಂ ಗುಂಡು ಉರುಳಿ ಬಂತು. ಅವಳು ಕೊಡವದೇ ಇದ್ದಿದ್ದರೆ ಅದು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಾಣುತ್ತಿತ್ತು. ಗನ್ ಎರಡಾದರೆ ಗುಂಡೂ ಎರಡು ಥರ, ಬ್ಯಾಗೂ ಎರಡು.

ಮಡಿಕೇರಿಯಿಂದ

ಆ ಗುಂಡಿನ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿ ಲೈಸೆನ್ಸ್ ಇಲ್ಲದೆ ಒಂದು ಗುಂಡು ಸಿಕ್ಕರೂ ಆಯುಧ ಕಾಯ್ದೆಯಲ್ಲಿ ಕೇಸು ಆಗಬಹುದು. ತಿಳಿದೇ ಇಟ್ಟುಕೊಂಡಿದ್ದಾ ಅನ್ನುವುದನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಹಾಗಾಗಿ ಮರೆತು ಬಂದವರಿಗೆ ಕೋರ್ಟಿನಲ್ಲಿ ಆಸರೆ ಉಂಟು. ಆದರೆ ಅಷ್ಟರಲ್ಲಿ ನಿಮ್ಮ ರಜೆ ಪೂರ್ತಿ ಠಾಣೆ, ವಕೀಲರು ಅಂತ ಮುಗಿದಿರುತ್ತದೆ.

ಕೊಡಗಿನವರಿಗೆ ಎಲ್ಲ ಗನ್ನಿಗೂ ವಿನಾಯಿತಿ ಇದೆ ಅಂತ ಹೊರಗಿನವರು ತಿಳಿದಿದ್ದಾರೆ. ಅದು ಕೋವಿಗೆ. ಪಿಸ್ತೂಲಿಗೆ ನಮಗೂ ಲೈಸೆನ್ಸ್ ಬೇಕೇ ಬೇಕು. ದೇಶದಲ್ಲಿ ಲೈಸೆನ್ಸಿನ ಮೇಲೆ ಒಬ್ಬರಿಗೆ ಮೂರು ಆಯುಧ ಇದ್ದದ್ದನ್ನು 2019ರ ತಿದ್ದುಪಡಿಯಲ್ಲಿ ಎರಡಕ್ಕೆ ಇಳಿಸಿದರು.

ಕೇಳಿದವರು, ಎಲ್ ಪಾಸೋ

ಎಲ್ಲರಿಗೂ ತುಂಬ ಥ್ಯಾಂಕ್ಸ್. ನ್ಯೂ ಮೆಕ್ಸಿಕೋದ ಒಂದೇ ಗನ್ನಿನ ನಿಯಮ ಗೊತ್ತೇ ಇರಲಿಲ್ಲ. ಮೊನ್ನೆ ಬುಧವಾರ ಗೆಳೆಯನ ರಿವಾಲ್ವರನ್ನು ಕಾಲಿಗೆ ಕಟ್ಟಿಕೊಂಡು, ಹೇಗಿರುತ್ತದೆ ನೋಡೋಣ ಅಂತ ಲಾಸ್ ಕ್ರೂಸಸ್‌ಗೆ ಹೋಗಿ ಬಂದಿದ್ದೆ. ಅದನ್ನು ನಿನ್ನೆ ರಾತ್ರಿಯೇ ವಾಪಸ್ ಕೊಟ್ಟೆ. ಸೇಫ್ ಶನಿವಾರ ಬರುತ್ತದೆ. ಹೆಂಡತಿಗೆ ಡಲ್ಲಾಸ್‌ನವರು ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ಅವಳು ಎದ್ದು ಹೋಗಿ ಕಾರಿನ ಡ್ಯಾಶ್‌ಬೋರ್ಡ್ ತೆಗೆದು ನೋಡಲು ಹೇಳಿದಳು. ಒಳಗೆ ಗುಂಡು ತುಂಬಿದ ನನ್ನದೊಂದು ಪಿಸ್ತೂಲಿನ ಮ್ಯಾಗಜಿನ್ ಇತ್ತು.