ಸಹಾಯ ಬೇಕು: ಶ್ರೀರಂಗಪಟ್ಟಣದ ಹಳೇ ತೊಟ್ಟಿಮನೆ ಹೋಂಸ್ಟೇ ಕೊಳ್ಳಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ಬಸವನಗುಡಿಯವರು. ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ತೊಟ್ಟಿಮನೆ ಹೋಂಸ್ಟೇ ಮಾರಾಟಕ್ಕಿದೆ. ಆರು ರೂಮು, ಅಡುಗೆಯವರು, ಬಂದಿರುವ ಬುಕಿಂಗ್ ಎಲ್ಲ ಸೇರಿಸಿ ಕೊಡುತ್ತಾರಂತೆ. ಮರದ ಕಂಬ ನೋಡಿ ನನ್ನ ಹೆಂಡತಿ ಆಗಲೇ ಮನಸೋತಿದ್ದಾಳೆ. ನನಗೆ ಮಾತ್ರ ಸೋರುವ ಹೆಂಚೇ ಕಾಣಿಸುತ್ತಿದೆ.

ತಲೆನೋವು ಏನೆಂದರೆ, ಊರ ತುಂಬಾ ಪುರಾತತ್ವ ಇಲಾಖೆಯ ಸ್ಮಾರಕಗಳು. ಸ್ಮಾರಕ ಸಂರಕ್ಷಣೆ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟುವುದಕ್ಕೂ ಅನುಮತಿ ಬೇಕೇ ಬೇಕು. ಈ ಮನೆ ಹಿಂದಿನ ಬಾತ್‌ರೂಮುಗಳು ಹೊಸವು. ಅವುಗಳ ಕಾಗದ ಕೇಳಿದರೆ ಮಾಲೀಕರು "ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸಾರ್" ಎನ್ನುತ್ತಾರೆ. ಅಲ್ಲೇ ಅನುಮಾನ ಜಾಸ್ತಿಯಾಯಿತು.

ಇಸಿ (ಆಸ್ತಿಯ ಮೇಲಿನ ಸಾಲ, ಮಾರಾಟಗಳ ದಾಖಲೆ), ಖಾತೆ ತೆಗೆಸಿದ್ದೇನೆ. ಮನೆ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿದೆ, ಮಾತಾಡುತ್ತಿರುವವರು ಒಬ್ಬರೇ. ಆಹಾರದ ಲೈಸೆನ್ಸು, ಜಿಎಸ್‌ಟಿ ನಮ್ಮ ಹೆಸರಲ್ಲಿ ಹೊಸದಾಗಿಯೇ ಮಾಡಿಸಬೇಕಂತೆ, ನಮ್ಮ ಆಡಿಟರ್ ಹೇಳಿದರು. ಹಾಗಾದರೆ "ನಡೆಯುತ್ತಿರುವ ವ್ಯಾಪಾರ" ಎಂದು ಜಾಸ್ತಿ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ಮೈಸೂರು, ಮಂಡ್ಯ ಕಡೆ ಇಂಥ ಮನೆ ಕೊಂಡವರು ಇದ್ದೀರಾ? ಸ್ಮಾರಕದಿಂದ ದೂರ ಎಷ್ಟು ಅಂತ ಯಾರಿಂದ ಅಳೆಸಿದಿರಿ? ಹಳೇ ಮರ, ಗಾರೆ ಕೆಲಸ ಬಲ್ಲ ಇಂಜಿನಿಯರ್ ಗೊತ್ತಿದ್ದರೂ ತಿಳಿಸಿ. ಭಾನುವಾರವೇ ಅಡ್ವಾನ್ಸ್ ಕೇಳುತ್ತಿದ್ದಾರೆ.