‘ನಡೀರಿ, ಮಾತ್ರೆ ಬಿಡಿ’: ಬ್ಯಾಚ್ ಗ್ರೂಪಿನಲ್ಲಿ ಒಂದು ಫಾರ್ವರ್ಡ್

ರಾಘು: (ಫಾರ್ವರ್ಡ್ ಆಗಿದೆ) ಮರೆವಿನ ಕಾಯಿಲೆ ಅಂದರೆ 3ನೇ ಬಗೆಯ ಡಯಾಬಿಟಿಸ್! ಇನ್ಸುಲಿನ್ ಕೈಕೊಟ್ಟರೆ ಮಿದುಳಿಗೆ ಗ್ಲೂಕೋಸ್ ಸಿಗದು. ದಿನಾ ನಡೀರಿ, ಮಾತ್ರೆ ಬಿಡಿ!! 🙏

ಸುಮಾ: ಲೋ ರಾಘು, ಮಿದುಳಿಗೆ ಗ್ಲೂಕೋಸ್ ಹೋಗೋಕೆ ಇನ್ಸುಲಿನ್ ಅಪ್ಪಣೆ ಬೇಕಿಲ್ಲ. ರಕ್ತ-ಮಿದುಳಿನ ತಡೆಗೋಡೆಯಲ್ಲಿ ಗ್ಲೂಟ್-1 ಅನ್ನೋ ಗ್ಲೂಕೋಸ್ ಸಾಗಿಸೋ ಪ್ರೋಟೀನ್ ಇದೆ, ನರಕೋಶದಲ್ಲಿ ಗ್ಲೂಟ್-3; ಎರಡೂ ತಮ್ಮಷ್ಟಕ್ಕೆ ಸಾಗಿಸ್ತವೆ. ಇನ್ಸುಲಿನ್‌ಗೆ ಕಾಯೋದು ಮುಖ್ಯವಾಗಿ ಸ್ನಾಯು, ಕೊಬ್ಬಿನಲ್ಲಿರೋ ಗ್ಲೂಟ್-4.

ರಾಘು: ಮತ್ತೆ ಆಲ್ಝೈಮರ್, ಅದೇ ಮರೆವಿನ ಕಾಯಿಲೆ, ಇದ್ದವರ ಮಿದುಳಿನ ಪೆಟ್ ಸ್ಕ್ಯಾನಲ್ಲಿ ಗ್ಲೂಕೋಸ್ ಬಳಕೆ ಕಮ್ಮಿ ಕಾಣೋದು ಸುಳ್ಳಾ?

ಸುಮಾ: ಸುಳ್ಳಲ್ಲ. ಆದ್ರೆ ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸೋ ಸಿನಾಪ್ಸ್‌ಗಳೇ ಹಾಳಾಗಿದ್ರೂ ಬಳಕೆ ಇಳಿಯುತ್ತೆ ಕಣೋ. ಯಾವುದು ಕಾರಣ, ಯಾವುದು ಪರಿಣಾಮ ಅಂತ ಆ ಚಿತ್ರವೊಂದೇ ಹೇಳಲ್ಲ. ‘3ನೇ ಬಗೆ’ ಅನ್ನೋದು 2005ರ ಸುಮಾರಿಗೆ ಸಂಶೋಧಕರು ಇಟ್ಟ ಹೆಸರು, ಅಧಿಕೃತ ರೋಗದ ಪಟ್ಟಿಯಲ್ಲಿಲ್ಲ.

ಮಹೇಶ: ಹಾಗಂತ ವ್ಯಾಯಾಮವನ್ನೂ ಗುಡಿಸಿ ಹಾಕಬೇಡಮ್ಮಾ. ಸ್ನಾಯು ಬಿಗಿದಾಗ ಇನ್ಸುಲಿನ್ ಇಲ್ಲದೆಯೂ ಗ್ಲೂಟ್-4 ಕೋಶದ ಪೊರೆಗೆ ಬರುತ್ತೆ. ಇನ್ಸುಲಿನ್ ರೆಸಿಸ್ಟೆನ್ಸ್ (ಇನ್ಸುಲಿನ್ ಇದ್ರೂ ದೇಹ ಸರಿಯಾಗಿ ಸ್ಪಂದಿಸದಿರೋದು) ಇದ್ದವರಲ್ಲೂ ಈ ದಾರಿ ತೆರೆದೇ ಇರುತ್ತೆ. ಆಮೇಲೆ ಇನ್ಸುಲಿನ್‌ಗೆ ಸ್ಪಂದನೆ ಹೆಚ್ಚೋದು 24ರಿಂದ 72 ಗಂಟೆ, ಅಷ್ಟೇ. ಭಾನುವಾರ ಒಂದೇ ಸಲ ಬೆವರಿಳಿಸಿದ್ರೆ ಗುರುವಾರಕ್ಕೆ ಏನೂ ಉಳಿದಿರಲ್ಲ. ಅದಕ್ಕೇ ಸತತ 2 ದಿನಕ್ಕಿಂತ ಹೆಚ್ಚು ಬಿಡಬಾರದು. ವಾರಕ್ಕೆ 150 ನಿಮಿಷ, ಮಾತಾಡೋಕಾಗಬೇಕು, ಹಾಡೋಕಾಗಬಾರದು, ಆ ವೇಗ. ಜೊತೆಗೆ 2–3 ದಿನ ಭಾರ ಎತ್ತೋದು, ತೊಡೆ-ಬೆನ್ನಿನ ದೊಡ್ಡ ಸ್ನಾಯುಗಳಿಗೆ. ಬರೀ ನಡೆದು ಇದನ್ನ ಬಿಡೋರೇ ಜಾಸ್ತಿ.

ರಾಘು: ಜೋರಾಗಿ ಓಡಿದ ತಕ್ಷಣ ಶುಗರ್ ಏರಿರುತ್ತಲ್ಲ?

ಮಹೇಶ: ಅಡ್ರಿನಲಿನ್ ಹೇಳಿದ್ದಕ್ಕೆ ಲಿವರ್ ಗ್ಲೂಕೋಸ್ ಬಿಡುತ್ತೆ. ಸಾಮಾನ್ಯವಾಗಿ ತಾನಾಗೇ ಇಳಿಯುತ್ತೆ. 2002ರ ಅಮೆರಿಕದ ಪ್ರಿಡಯಾಬಿಟಿಸ್ (ಡಯಾಬಿಟಿಸ್‌ಗೆ ಮುಂಚಿನ ಹಂತ) ಅಧ್ಯಯನ ನೋಡು: ಜೀವನಶೈಲಿ ಬದಲಿಸಿದವರಲ್ಲಿ ಡಯಾಬಿಟಿಸ್ 58% ಕಮ್ಮಿ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ನಲ್ಲಿ 31%.

ಸುಮಾ: ಅಲ್ಲಿ 7% ತೂಕ ಇಳಿಸೋ ಗುರಿ, ಪಥ್ಯ ಎರಡೂ ಇತ್ತು. ಪೂರ್ತಿ ಕ್ರೆಡಿಟ್ ನಡಿಗೆಗೇ ಕೊಡಬೇಡ. ಅಳೆದದ್ದೂ ಶುಗರ್, ನೆನಪಲ್ಲ.

ಮಹೇಶ: ನೆನಪಿಗೆ 2011ರ ಅಧ್ಯಯನವಿದೆ. 120 ಹಿರಿಯರು, ಒಂದು ವರ್ಷ. ನಡೆದವರ ಹಿಪೊಕ್ಯಾಂಪಸ್, ಅಂದ್ರೆ ಮಿದುಳಲ್ಲಿ ನೆನಪಿಗೆ ಬೇಕಾದ ಭಾಗ, 2% ದೊಡ್ಡದಾಯ್ತು.

ಸುಮಾ: ನೆನಪಿನ ಪರೀಕ್ಷೆಯಲ್ಲಿ ಬರೀ ಸ್ಟ್ರೆಚಿಂಗ್ ಮಾಡಿದವರೂ ಸುಧಾರಿಸಿದ್ರು, ಅದನ್ನೂ ಹೇಳು.

ಮಹೇಶ: ಒಪ್ಪಿದೆ. ಆದ್ರೂ ಎಚ್‌ಬಿಎ1ಸಿ (2–3 ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ) ಏರೋವರೆಗೆ ಕಾಯೋಕೆ ಅದು ನೆಪವಲ್ಲ.

ಸುಮಾ: ಅದಕ್ಕೆ ನನ್ನ ತಕರಾರಿಲ್ಲ, ‘ಮಾತ್ರೆ ಬಿಡಿ’ಗೆ ಮಾತ್ರ. ಗ್ಲಿಮೆಪಿರೈಡ್ (ಶುಗರ್ ತೀರಾ ಇಳಿಸಬಲ್ಲ ಮಾತ್ರೆ) ಅಥವಾ ಇನ್ಸುಲಿನ್ ತಗೊಳ್ಳೋರು ವ್ಯಾಯಾಮ ಶುರುಮಾಡೋ ಮುಂಚೆ ಶುಗರ್ ನೋಡ್ಕೊಳ್ಳಿ. 90 mg/dLಗಿಂತ ಕಮ್ಮಿಯಿದ್ರೆ ಮೊದಲು 15 ಗ್ರಾಂ ಕಾರ್ಬೋಹೈಡ್ರೇಟ್. ಡೋಸ್ ಇಳಿಸೋದು ಡಾಕ್ಟರ್ ಕೆಲಸ. ರಾಘು, ಆ ಸಾಲು ಡಿಲೀಟ್ ಮಾಡು.

ರಾಘು: ಫಾರ್ವರ್ಡಲ್ಲಿ ಒಂದು ಸಾಲು ಹೇಗೆ ತೆಗೆಯೋದು?

ಮಹೇಶ: ಇಡೀದೇ ತೆಗಿ ಮಾರಾಯಾ.